ಟೇಪಿನ ಡೇಟಾ ಡಿಸ್ಕಿಗೆ ಬರುವ ಮೊದಲು ಮಾಡಬೇಕಾದ ಲೆಕ್ಕ

ಮೇನ್‌ಫ್ರೇಮ್ (ಬ್ಯಾಂಕಿನಂಥ ದೊಡ್ಡ ಸಂಸ್ಥೆಗಳ ದೊಡ್ಡ ಕಂಪ್ಯೂಟರ್) ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೊಂದು ಕೆಲಸ ಕೊಟ್ಟರು. ಟೇಪಿನಲ್ಲಿ ಒಂದು ದೊಡ್ಡ ಡೇಟಾಸೆಟ್ (ಫೈಲು) ಇದೆ, ಅದನ್ನು ಡಿಸ್ಕಿಗೆ ಕಾಪಿ ಮಾಡಬೇಕು, ಅಷ್ಟೇ. ಹತ್ತು ಸಾಲಿನ ಜೆಸಿಎಲ್ ಬರೆದೆ. ಯಾವ ಪ್ರೋಗ್ರಾಮ್ ಓಡಬೇಕು, ಯಾವ ಫೈಲು ಬಳಸಬೇಕು ಅಂತ ಸಿಸ್ಟಮಿಗೆ ಹೇಳುವ ಆಜ್ಞೆಗಳು ಅವು. ಸಂಜೆ ಜಾಬ್ ಸಬ್ಮಿಟ್ ಮಾಡಿ ಹೊರಟೆ. ಬೆಳಿಗ್ಗೆ ಬಂದು ನೋಡಿದರೆ ಜಾಬ್ ಬಿ37 ಅಬೆಂಡ್ ಆಗಿ (ನಡುವೆಯೇ ನಿಂತು) ಬಿದ್ದಿತ್ತು. ಬಿ37 ಅಂದರೆ ಡಿಸ್ಕಿನಲ್ಲಿ ಜಾಗ ಸಾಲಲಿಲ್ಲ ಅಂತ. ಆದರೆ ಆ ವಾಲ್ಯೂಮ್ (ಒಂದು ಡಿಸ್ಕನ್ನೋ ಒಂದು ಟೇಪನ್ನೋ ಹೀಗೆ ಕರೆಯುತ್ತಾರೆ) ನೋಡಿದರೆ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಖಾಲಿ ಇತ್ತು. ಸೆಕೆಂಡರಿ ಸ್ಪೇಸ್ (ಮೊದಲು ಕೇಳಿದ ಜಾಗ ತುಂಬಿದ ಮೇಲೆ ಸಿಗುವ ಹೆಚ್ಚುವರಿ ಜಾಗ) ಹೆಚ್ಚಿಸಿ ಮತ್ತೆ ಹಾಕಿದೆ. ಮತ್ತೆ ಬಿ37. ಜಾಗ ಕಣ್ಣೆದುರಿಗೇ ಇದೆ, ಸಿಸ್ಟಮ್ ಮಾತ್ರ ಇಲ್ಲ ಅನ್ನುತ್ತಿದೆ.

ಎರಡು ರಾತ್ರಿ ಹೀಗೆ ಹೋದ ಮೇಲೆ ತಂಡದ ಹಿರಿಯರೊಬ್ಬರು ಪಕ್ಕದಲ್ಲಿ ಕೂತು, ಒಂದು ಹಾಳೆಯ ಮೇಲೆ ಐದಾರು ಗುಣಾಕಾರ, ಭಾಗಾಕಾರ ಮಾಡಿ ತೋರಿಸಿದರು. ಜೆಸಿಎಲ್‌ನಲ್ಲಿ ಮೂರು ಕಡೆ ತಿದ್ದಿದೆವು. ಆವತ್ತು ಜಾಬ್ ಒಂದೇ ಸಲಕ್ಕೆ ಓಡಿ ಮುಗಿಯಿತು. ಆ ಹಾಳೆಯಲ್ಲಿದ್ದ ಲೆಕ್ಕವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಕಾಪಿ ಮಾಡುವ ಪ್ರೋಗ್ರಾಮ್ ಸಿಸ್ಟಮ್ ಜೊತೆಗೇ ಬರುತ್ತದೆ, ಅದನ್ನು ಓಡಿಸುವುದು ಕಷ್ಟವಲ್ಲ. ಟೇಪು ಒಂದು ಅಳತೆಯಲ್ಲಿ ಡೇಟಾ ಇಟ್ಟುಕೊಳ್ಳುತ್ತದೆ, ಡಿಸ್ಕು ಇನ್ನೊಂದು ಅಳತೆಯಲ್ಲಿ. ಈ ಎರಡು ಅಳತೆಗಳನ್ನು ಹೊಂದಿಸುವುದೇ ನಿಜವಾದ ಕೆಲಸ. ಅದು ಜಾಬ್ ಹಾಕುವ ಮೊದಲೇ ಮುಗಿದಿರಬೇಕು.

ಟೇಪಿನ ಬ್ಲಾಕು, ಡಿಸ್ಕಿನ ಟ್ರ್ಯಾಕು

ಐಬಿಎಂ ತನ್ನ ಮೊದಲ ಮ್ಯಾಗ್ನೆಟಿಕ್ ಟೇಪ್ ಯಂತ್ರವಾದ 726 ಅನ್ನು 1952ರಲ್ಲಿ ಹೊರತಂದಿತು. ಅವತ್ತಿನಿಂದ ಇವತ್ತಿನವರೆಗೆ ಟೇಪಿನ ಸ್ವಭಾವ ಬದಲಾಗಿಲ್ಲ. ಒಂದು ತುದಿಯಿಂದ ಶುರುಮಾಡಿ ಸಾಲಾಗಿ ಬರೆಯಬೇಕು, ಸಾಲಾಗಿ ಓದಬೇಕು. ಬರೆಯುವಾಗ ರೆಕಾರ್ಡುಗಳನ್ನು (ಫೈಲಿನ ಒಂದೊಂದು ನಮೂದನ್ನು) ಒಂದೊಂದಾಗಿ ಬರೆಯುವುದಿಲ್ಲ, ಹತ್ತಾರು ರೆಕಾರ್ಡ್ ಒಟ್ಟಿಗೆ ಕಟ್ಟಿ ಒಂದು ಬ್ಲಾಕ್ ಮಾಡಿ ಬರೆಯುತ್ತಾರೆ.

ಯಾಕೆ ಅನ್ನೋದು ಹಳೆಯ ರೀಲು ಟೇಪಿನ ಲೆಕ್ಕದಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಇಂಚಿಗೆ 1600 ಬೈಟ್ ಬರೆಯುವ ರೀಲಿನಲ್ಲಿ 80 ಬೈಟಿನ ರೆಕಾರ್ಡಿಗೆ ಬೇಕಾದ ಉದ್ದ ಬರೀ 0.05 ಇಂಚು. ಆದರೆ ಎರಡು ಬ್ಲಾಕುಗಳ ನಡುವೆ ಬಿಡಬೇಕಾದ ಖಾಲಿ ಜಾಗ 0.6 ಇಂಚು. ರೆಕಾರ್ಡುಗಳನ್ನು ಒಂದೊಂದಾಗಿ ಬರೆದರೆ ಟೇಪಿನ ಶೇ 92 ಭಾಗ ಖಾಲಿ ಜಾಗದಲ್ಲೇ ಹೋಗುತ್ತದೆ. ಹಾಗಾಗಿ ಟೇಪಿಗೆ ಬರೆಯುವವರು ಬ್ಲಾಕ್ ಎಷ್ಟು ದೊಡ್ಡದಾದರೆ ಅಷ್ಟು ಒಳ್ಳೆಯದು ಅನ್ನೋ ರೂಢಿ ಮಾಡಿಕೊಂಡರು. ತುಂಬಾ ವರ್ಷ ಬ್ಲಾಕಿನ ಗರಿಷ್ಠ ಅಳತೆ 32,760 ಬೈಟ್ ಇತ್ತು. ಎಲ್ಲರೂ ಅದರ ಹತ್ತಿರಕ್ಕೇ ಹೋಗುತ್ತಿದ್ದರು. ಟೇಪಿನ ಮಟ್ಟಿಗೆ ಅದು ಸರಿಯಾದ ರೂಢಿ.

ಡಿಸ್ಕಿನ ವಿಷಯ ಬೇರೆ. ಇವತ್ತಿಗೂ ಐಬಿಎಂ ಮೇನ್‌ಫ್ರೇಮಿನ ಆಪರೇಟಿಂಗ್ ಸಿಸ್ಟಮ್ ಆದ ಜೆಡ್/ಓಎಸ್ ತನ್ನ ಡಿಸ್ಕನ್ನು 3390 ಅನ್ನೋ ಮಾದರಿಯ ಲೆಕ್ಕದಲ್ಲಿ ನೋಡುತ್ತದೆ. 1989ರಲ್ಲಿ ಬಂದ ಮಾದರಿ ಅದು. ಅದರ ಒಂದು ಟ್ರ್ಯಾಕಿನಲ್ಲಿ (ತಟ್ಟೆಯ ಮೇಲಿನ ಒಂದು ಸುತ್ತು) ಒಂದೇ ಬ್ಲಾಕ್ ಇಟ್ಟರೆ ಹೆಚ್ಚೆಂದರೆ 56,664 ಬೈಟ್ ಹಿಡಿಯುತ್ತದೆ. 15 ಟ್ರ್ಯಾಕ್ ಸೇರಿದರೆ ಒಂದು ಸಿಲಿಂಡರ್. ಈಗ ಒಳಗಡೆ ಇರುವುದು ಫ್ಲ್ಯಾಶ್ ಮೆಮೊರಿಯೋ ಸಣ್ಣ ಡಿಸ್ಕುಗಳ ಗುಂಪೋ ಆಗಿರುತ್ತದೆ. ಆ ಕಾಲದ ತಿರುಗುವ ತಟ್ಟೆಗಳು ಎಲ್ಲೂ ಇಲ್ಲ. ಆದರೂ ಸ್ಟೋರೇಜ್ ಬಾಕ್ಸ್ ತಾನು 3390 ಅಂತಲೇ ತೋರಿಸಿಕೊಳ್ಳುತ್ತದೆ, ಸಿಸ್ಟಮ್ ಹಾಗೇ ನಂಬಿ ಲೆಕ್ಕ ಹಾಕುತ್ತದೆ. ಇದರಿಂದ ಮೂವತ್ತು ವರ್ಷ ಹಳೆಯ ಪ್ರೋಗ್ರಾಮ್ ಕೂಡ ಒಂದು ಸಾಲೂ ಬದಲಾಗದೆ ಓಡುತ್ತದೆ. ಆ ಹೊಂದಾಣಿಕೆಗೆ ನಾವು ಕೊಡುವ ಬೆಲೆ ಈ ಟ್ರ್ಯಾಕಿನ ಲೆಕ್ಕ.

ಇಲ್ಲಿ ಒಂದು ನಿಯಮ ಗಮನದಲ್ಲಿರಲಿ. ಒಂದು ಬ್ಲಾಕ್ ಪೂರ್ತಿಯಾಗಿ ಒಂದೇ ಟ್ರ್ಯಾಕಿನಲ್ಲಿ ಕೂರಬೇಕು. ಅರ್ಧ ಈ ಟ್ರ್ಯಾಕಿನಲ್ಲಿ, ಉಳಿದದ್ದು ಮುಂದಿನದರಲ್ಲಿ ಅಂತ ಇಡುವ ಹಾಗಿಲ್ಲ. ಟ್ರ್ಯಾಕಿನಲ್ಲಿ ಉಳಿದ ಜಾಗ ಮುಂದಿನ ಬ್ಲಾಕಿಗೆ ಸಾಲದಿದ್ದರೆ ಅದು ಸುಮ್ನೆ ಖಾಲಿ ಬಿದ್ದಿರುತ್ತದೆ. ಯಾರಿಗೂ ಸಿಗುವುದಿಲ್ಲ.

ಟೇಪಿಗೆ ಚೆನ್ನಾಗಿದ್ದ 32,760 ಬೈಟಿನ ಬ್ಲಾಕನ್ನು ಹಾಗೇ ತಂದು ಡಿಸ್ಕಿಗೆ ಹಾಕಿ ನೋಡಿ. ಒಂದು ಟ್ರ್ಯಾಕಿನಲ್ಲಿ ಒಂದೇ ಬ್ಲಾಕ್ ಕೂರುತ್ತದೆ. ಉಳಿದ ಜಾಗದಲ್ಲಿ ಎರಡನೆಯದು ಹಿಡಿಸುವುದಿಲ್ಲ. ಟ್ರ್ಯಾಕಿನ ಶೇ 42 ಭಾಗ ವ್ಯರ್ಥ. ಎರಡು ಬ್ಲಾಕ್ ಕೂರಬೇಕಾದರೆ ಒಂದೊಂದೂ 27,998 ಬೈಟ್ ಮೀರಬಾರದು. ಈ 27,998ಕ್ಕೆ ಮೇನ್‌ಫ್ರೇಮ್ ಜನ ಹಾಫ್ ಟ್ರ್ಯಾಕ್ ಅನ್ನುತ್ತಾರೆ. ಡಿಸ್ಕಿಗೆ ಬರೆಯುವ ಸೀಕ್ವೆನ್ಷಿಯಲ್ (ಮೊದಲಿನಿಂದ ಸಾಲಾಗಿ ಓದುವ) ಫೈಲಿನ ಮಟ್ಟಿಗೆ ಇದಕ್ಕಿಂತ ಮುಖ್ಯವಾದ ಅಂಕೆ ಇನ್ನೊಂದಿಲ್ಲ.

ಹಾಗಂತ ಬ್ಲಾಕ್ ತೀರಾ ಚಿಕ್ಕದು ಮಾಡಿದರೆ ಇನ್ನೂ ನಷ್ಟ. ಪ್ರತಿ ಬ್ಲಾಕಿನ ಹಿಂದೆ ಮುಂದೆ ಡಿಸ್ಕು ತನ್ನ ಗುರುತುಗಳಿಗೆ ಜಾಗ ಇಟ್ಟುಕೊಳ್ಳುತ್ತದೆ. 80 ಬೈಟಿನ ರೆಕಾರ್ಡನ್ನು ಬ್ಲಾಕ್ ಮಾಡದೆ ಬರೆದರೆ ಒಂದು ಟ್ರ್ಯಾಕಿನಲ್ಲಿ 78 ರೆಕಾರ್ಡ್ ಮಾತ್ರ. ಅದೇ 27,920 ಬೈಟಿನ ಬ್ಲಾಕ್ ಮಾಡಿದರೆ ಒಂದು ಬ್ಲಾಕಿಗೆ 349ರಂತೆ 698 ರೆಕಾರ್ಡ್. ಒಂಬತ್ತು ಪಟ್ಟು ವ್ಯತ್ಯಾಸ.

ಹಾಳೆಯ ಮೇಲಿನ ಲೆಕ್ಕ

ಈಗ ನನ್ನ ಆ ಜಾಬಿನ ತರಹದ ಒಂದು ಡೇಟಾಸೆಟ್ ತೆಗೆದುಕೊಳ್ಳೋಣ. ರೆಕಾರ್ಡಿನ ಉದ್ದ 500 ಬೈಟ್, ಎಲ್ಲಾ ರೆಕಾರ್ಡೂ ಒಂದೇ ಉದ್ದ. ಟೇಪಿನಲ್ಲಿ ಬ್ಲಾಕ್ 32,500 ಬೈಟ್, ಅಂದರೆ ಬ್ಲಾಕಿಗೆ 65 ರೆಕಾರ್ಡ್. ಒಟ್ಟು 4,00,000 ಬ್ಲಾಕ್. ಗುಣಿಸಿದರೆ 2,60,00,000 ರೆಕಾರ್ಡ್, 13 ಜಿಬಿ ಡೇಟಾ.

ಬ್ಲಾಕ್ ಅಳತೆ ಬದಲಿಸದೆ ಡಿಸ್ಕಿಗೆ ಹಾಕಿದರೆ ಟ್ರ್ಯಾಕಿಗೆ ಒಂದು ಬ್ಲಾಕ್, 65 ರೆಕಾರ್ಡ್. ಸಿಲಿಂಡರಿಗೆ 975. ಎರಡು ಕೋಟಿ ಅರವತ್ತು ಲಕ್ಷವನ್ನು 975ರಿಂದ ಭಾಗಿಸಿದರೆ 26,667 ಸಿಲಿಂಡರ್ ಬೇಕು.

ಈಗ ಹಾಫ್ ಟ್ರ್ಯಾಕ್ ಲೆಕ್ಕ. 27,998ರಲ್ಲಿ 500 ಬೈಟಿನ ಎಷ್ಟು ರೆಕಾರ್ಡ್ ಹಿಡಿಸುತ್ತವೆ? 55. ಹಾಗಾಗಿ ಬ್ಲಾಕ್ 27,500 ಬೈಟ್. ಟ್ರ್ಯಾಕಿಗೆ ಎರಡು ಬ್ಲಾಕ್, 110 ರೆಕಾರ್ಡ್. ಸಿಲಿಂಡರಿಗೆ 1,650. ಭಾಗಿಸಿದರೆ 15,758 ಸಿಲಿಂಡರ್ ಸಾಕು.

ಅದೇ ಡೇಟಾ, ಒಂದು ಬೈಟೂ ಹೆಚ್ಚು ಕಡಿಮೆ ಇಲ್ಲ. ಬ್ಲಾಕ್ ಅಳತೆ ಒಂದನ್ನು ಬದಲಿಸಿದ್ದಕ್ಕೆ 10,909 ಸಿಲಿಂಡರ್ ಉಳಿಯಿತು. 3390 ಮಾದರಿ 9 ಅನ್ನೋ ಒಂದು ಇಡೀ ವಾಲ್ಯೂಮಿನಲ್ಲಿ ಇರುವುದೇ 10,017 ಸಿಲಿಂಡರ್. ಒಂದು ಪೂರ್ತಿ ವಾಲ್ಯೂಮಿಗಿಂತ ಜಾಸ್ತಿ ಜಾಗ ಖಾಲಿ ಗಾಳಿಗೆ ಹೋಗುತ್ತಿತ್ತು. ಈ ಅಂಕೆ ಹಾಳೆಯ ಮೇಲೆ ಮೂಡಿದಾಗ ನಾನು ನಿಜಕ್ಕೂ ಬೆಚ್ಚಿದೆ.

ಕಾಪಿ ಮಾಡುವ ಪ್ರೋಗ್ರಾಮಿಗೆ ನಾವು ಏನೂ ಹೇಳದಿದ್ದರೆ ಅದು ಹಲವು ಸಲ ಟೇಪಿನ ಅಳತೆಗಳನ್ನೇ ಡಿಸ್ಕಿಗೂ ತಂದುಬಿಡುತ್ತದೆ. ಸಿಸ್ಟಮ್ ಜೊತೆಗೇ ಬರುವ ಕಾಪಿ ಪ್ರೋಗ್ರಾಮ್ ಐಇಬಿಜೆನರ್ ಹಾಗೆ ಮಾಡಿದಾಗ ಐಇಬಿ352ಐ ಅಂತ ಒಂದು ಎಚ್ಚರಿಕೆ ಕೊಡುತ್ತದೆ: ಔಟ್‌ಪುಟ್‌ನ ಕೆಲವು ಅಳತೆಗಳನ್ನು ಇನ್‌ಪುಟ್‌ನಿಂದ ಎತ್ತಿಕೊಂಡೆ ಅಂತ. ಜಾಬ್ ಸರಿಯಾಗಿ ಮುಗಿದಿದ್ದರೆ ಆ ಸಾಲನ್ನು ಯಾರೂ ಓದುವುದಿಲ್ಲ. ದಯವಿಟ್ಟು ಓದಿ. ಅದಕ್ಕಿಂತ ಒಳ್ಳೆಯದು, ಔಟ್‌ಪುಟ್‌ಗೆ ರೆಕಾರ್ಡ್ ಫಾರ್ಮ್ಯಾಟ್, ರೆಕಾರ್ಡ್ ಉದ್ದ, ಬ್ಲಾಕ್‌ಸೈಜ್ ಮೂರನ್ನೂ ನೀವೇ ಬರೆಯಿರಿ. ಸಿಸ್ಟಮ್ ತಾನೇ ಒಳ್ಳೆಯ ಬ್ಲಾಕ್‌ಸೈಜ್ ಆರಿಸಿಕೊಳ್ಳುವ ಸೌಲಭ್ಯವೂ ಇದೆ, ಸಾಮಾನ್ಯವಾಗಿ ಅದನ್ನು ನಂಬಬಹುದು. ಆದರೆ ದೊಡ್ಡ ಕಾಪಿಯಲ್ಲಿ ನಾನು ಅಂಕೆಯನ್ನು ಕೈಯಾರೆ ಬರೆಯುತ್ತೇನೆ. ಆಗ ಅನುಮಾನಕ್ಕೆ ಜಾಗ ಇರುವುದಿಲ್ಲ.

ರೆಕಾರ್ಡ್ ಉದ್ದ ಬೇರೆ ಬೇರೆ ಇರುವ ಫೈಲಾದರೆ ಕೆಲಸ ಇನ್ನೂ ಸುಲಭ. ಬ್ಲಾಕ್ ರೆಕಾರ್ಡ್ ಉದ್ದದ ಗುಣಕ ಆಗಿರಬೇಕು ಅನ್ನೋ ಕಟ್ಟು ಅಲ್ಲಿಲ್ಲ. 27,998 ಅಂತಲೇ ಬರೆದರೆ ಆಯಿತು.

ಟೇಪಿನಲ್ಲಿ ಎಷ್ಟಿದೆ ಅಂತ ತಿಳಿಯೋದು ಹೇಗೆ?

ಡಿಸ್ಕಿನ ಫೈಲಾದರೆ ಐಎಸ್‌ಪಿಎಫ್ ಅನ್ನೋ, ನಾವು ದಿನಾ ಕೆಲಸ ಮಾಡುವ ಪರದೆಯಲ್ಲಿ ಅದರ ಅಳತೆ ಕಾಣುತ್ತದೆ. ಟೇಪಿನದು ಹಾಗೆ ಕಾಣುವುದಿಲ್ಲ. ಹೆಚ್ಚಿನವರು ಇಲ್ಲಿ ಒಂದು ಅಡ್ಡದಾರಿ ಹಿಡಿಯುತ್ತಾರೆ: ಎಷ್ಟು ಕಾರ್ಟ್ರಿಜ್ ಇದೆ ನೋಡಿ, ಕಾರ್ಟ್ರಿಜಿನ ಸಾಮರ್ಥ್ಯದಿಂದ ಗುಣಿಸಿಬಿಡುತ್ತಾರೆ. ಇದು ದೊಡ್ಡ ತಪ್ಪಿಗೆ ದಾರಿ.

ಕಾರಣ ಕಂಪ್ರೆಷನ್. ಟೇಪ್ ಡ್ರೈವ್ ಡೇಟಾವನ್ನು ಕುಗ್ಗಿಸಿ ಬರೆಯುತ್ತದೆ, ಓದುವಾಗ ಹಿಗ್ಗಿಸಿ ಕೊಡುತ್ತದೆ. ನಮ್ಮ ಪ್ರೋಗ್ರಾಮಿಗೆ ಇದು ಗೊತ್ತೇ ಆಗುವುದಿಲ್ಲ. 3490ಇ ಡ್ರೈವಿನ ಉದ್ದ ಟೇಪಿನ ಕಾರ್ಟ್ರಿಜ್ ಹಿಡಿಯುತ್ತಿದ್ದುದು 800 ಎಂಬಿ. ಆದರೆ ಮೂರು ಪಟ್ಟು ಕುಗ್ಗುವ ಡೇಟಾ ಆದರೆ ಅದರಲ್ಲಿ 2,400 ಎಂಬಿ ಇರುತ್ತದೆ. ಖಾಲಿ ಜಾಗ, ಸೊನ್ನೆಗಳು ಜಾಸ್ತಿ ಇರುವ ವ್ಯವಹಾರದ ಫೈಲುಗಳು ಚೆನ್ನಾಗಿ ಕುಗ್ಗುತ್ತವೆ. ಡಿಸ್ಕಿಗೆ ಬಂದಾಗ ಅಷ್ಟೂ ಹಿಗ್ಗಿಕೊಂಡು ಬರುತ್ತದೆ. ಹತ್ತು ಕಾರ್ಟ್ರಿಜ್ ಅಂದರೆ 8 ಜಿಬಿ ಅಂತ ಜಾಗ ಕೇಳಿದವರಿಗೆ 24 ಜಿಬಿ ಬಂದು ಕೂರುತ್ತದೆ. ಇನ್ನು ಕೊನೆಯ ಕಾರ್ಟ್ರಿಜ್ ಎಷ್ಟು ತುಂಬಿದೆ ಅನ್ನೋದಂತೂ ಹೊರಗಿನಿಂದ ಗೊತ್ತಾಗುವುದೇ ಇಲ್ಲ.

ನಂಬಬಹುದಾದ ಅಂಕೆ ಟೇಪಿನ ಒಳಗೇ ಇದೆ. ಸ್ಟ್ಯಾಂಡರ್ಡ್ ಲೇಬಲ್ ಇರುವ ಟೇಪಿನಲ್ಲಿ ಡೇಟಾ ಮುಗಿದ ಮೇಲೆ 80 ಬೈಟಿನ ಲೇಬಲುಗಳು ಬರುತ್ತವೆ. ಫೈಲ್ ಅಲ್ಲೇ ಮುಗಿದರೆ ಇಓಎಫ್1, ಮುಂದಿನ ಟೇಪಿಗೆ ಮುಂದುವರಿದರೆ ಇಓವಿ1. ಆ ಲೇಬಲಿನಲ್ಲಿ ಆ ಟೇಪಿಗೆ ಎಷ್ಟು ಬ್ಲಾಕ್ ಬರೆದಿದ್ದೇವೆ ಅನ್ನೋ ಎಣಿಕೆ ಇರುತ್ತದೆ. ಆರ್‌ಎಂಎಂ, ಸಿಎ-1 ತರಹದ ಟೇಪ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಈ ಎಣಿಕೆಯನ್ನು ತನ್ನ ಕಡತದಲ್ಲೂ ಬರೆದಿಟ್ಟುಕೊಳ್ಳುತ್ತದೆ. ಹಾಗಾಗಿ ಟೇಪ್ ಹಾಕಿಸದೆಯೇ ನೋಡಿಕೊಳ್ಳಬಹುದು. ಬ್ಲಾಕ್ ಎಣಿಕೆ ಗುಣಿಸು ಬ್ಲಾಕ್‌ಸೈಜ್, ಅಷ್ಟೇ ಲೆಕ್ಕ. ಕಂಪ್ರೆಷನ್ ಆಗುವ ಮೊದಲಿನ ಅಳತೆ ಇದು, ಡಿಸ್ಕಿಗೆ ಬೇಕಾದದ್ದೂ ಇದೇ.

ಒಂದು ಎಚ್ಚರಿಕೆ. ಎಣಿಕೆ ಪ್ರತಿ ಟೇಪಿಗೂ ಬೇರೆ ಬೇರೆ. ಫೈಲು ಆರು ಟೇಪಿಗೆ ಹರಡಿದ್ದರೆ ಆರರದ್ದೂ ಕೂಡಿಸಬೇಕು. ಕ್ಯಾಟಲಾಗಿನಲ್ಲಿ (ಯಾವ ಫೈಲು ಯಾವ ವಾಲ್ಯೂಮಿನಲ್ಲಿದೆ ಅನ್ನೋ ಸಿಸ್ಟಮಿನ ಪಟ್ಟಿ) ಎಲ್ಲಾ ವಾಲ್ಯೂಮುಗಳ ಹೆಸರು ಸರದಿ ತಪ್ಪದೆ ಇದೆಯಾ ಅಂತಲೂ ಅದೇ ಹೊತ್ತಿಗೆ ನೋಡಿಕೊಳ್ಳಿ. ಬದಲಾಗುವ ಉದ್ದದ ರೆಕಾರ್ಡುಗಳಿದ್ದರೆ ಬ್ಲಾಕುಗಳು ಪೂರ್ತಿ ತುಂಬಿರುವುದಿಲ್ಲ. ಆಗ ಈ ಗುಣಾಕಾರ ಕೊಡುವುದು ಗರಿಷ್ಠ ಅಂಕೆ. ಜಾಗ ಕೇಳಲು ಅದೇ ಒಳ್ಳೆಯದು, ಉಳಿದದ್ದನ್ನು ಬಿಟ್ಟುಕೊಡುವ ದಾರಿ ಮುಂದಿದೆ.

ಇನ್ನೊಂದು ಮಾತು. ಇವತ್ತು ನಾವು ಟೇಪ್ ಅಂತ ಕರೆಯುವ ಎಷ್ಟೋ ವಾಲ್ಯೂಮುಗಳು ನಿಜವಾದ ಟೇಪೇ ಅಲ್ಲ. 1990ರ ದಶಕದ ಕೊನೆಗೆ ವರ್ಚುವಲ್ ಟೇಪ್ ಬಂತು. ಐಬಿಎಂನ ಟಿಎಸ್7700 ಬಂದದ್ದು 2006ರಲ್ಲಿ. ಇವುಗಳಲ್ಲಿ ಟೇಪು ಅನ್ನೋದು ಡಿಸ್ಕ್ ಕ್ಯಾಶ್ (ತಾತ್ಕಾಲಿಕ ಸಂಗ್ರಹ) ಮೇಲಿರುವ ಒಂದು ಫೈಲು. ಜೆಸಿಎಲ್ ಕಣ್ಣಿಗೆ ಎಲ್ಲವೂ ಟೇಪೇ, ಲೇಬಲ್ಲೂ ಅದೇ, ಬ್ಲಾಕೂ ಅದೇ. ಆದರೆ ಹಳೆಯ ವಾಲ್ಯೂಮು ಕ್ಯಾಶ್‌ನಿಂದ ಹೊರಬಿದ್ದು ನಿಜವಾದ ಟೇಪಿಗೆ ಹೋಗಿದ್ದರೆ, ಮೊದಲು ಅದನ್ನು ಪೂರ್ತಿ ಕ್ಯಾಶಿಗೆ ತರಬೇಕು. ಜಾಬ್ ಶುರುವಾಗಿಯೂ ಬಹಳ ಹೊತ್ತು ಅಲುಗಾಡದೆ ನಿಂತಿದ್ದರೆ ಗಾಬರಿಯಾಗಿ ಕ್ಯಾನ್ಸಲ್ ಮಾಡಬೇಡಿ. ಮೌಂಟ್ ಆಗುವುದನ್ನು ಕಾಯುತ್ತಿರಬಹುದು.

ಖಾಲಿ ಡಿಸ್ಕಿನಲ್ಲೂ ಬಿ37 ಯಾಕೆ ಬಂತು

ಈಗ ನನ್ನ ಆ ಎರಡು ರಾತ್ರಿಗಳಿಗೆ ಬರೋಣ. ಸಾಮಾನ್ಯ ಸೀಕ್ವೆನ್ಷಿಯಲ್ ಡೇಟಾಸೆಟ್ ಒಂದು ವಾಲ್ಯೂಮಿನಲ್ಲಿ 65,535 ಟ್ರ್ಯಾಕಿಗಿಂತ ದೊಡ್ಡದಾಗುವ ಹಾಗಿಲ್ಲ. ಹದಿನೈದರಿಂದ ಭಾಗಿಸಿದರೆ ಸರಿಯಾಗಿ 4,369 ಸಿಲಿಂಡರ್. ವಾಲ್ಯೂಮು ಎಷ್ಟೇ ದೊಡ್ಡದಿರಲಿ, ಎಷ್ಟೇ ಖಾಲಿ ಇರಲಿ, ಈ ಗೋಡೆ ದಾಟಲಾಗದು. ನಾನು ಒಂದೇ ವಾಲ್ಯೂಮ್ ಕೇಳಿದ್ದೆ. ಅದು 32,760 ಸಿಲಿಂಡರಿನ ಮಾದರಿ 27. ಬೇಕಾದದ್ದು 26,667 ಸಿಲಿಂಡರ್, ಸಿಕ್ಕಿದ್ದು 4,369ರ ಒಳಗೆ. ಸೆಕೆಂಡರಿ ಎಷ್ಟು ಹೆಚ್ಚಿಸಿದರೂ ಗೋಡೆ ಅಲ್ಲೇ ಇತ್ತು.

ಜೆಡ್/ಓಎಸ್ 1.7ರಲ್ಲಿ ಇದಕ್ಕೊಂದು ಬಾಗಿಲು ತೆಗೆದರು. ಜೆಸಿಎಲ್‌ನಲ್ಲಿ ಫೈಲನ್ನು ವಿವರಿಸುವ ಡಿಡಿ ಸ್ಟೇಟ್‌ಮೆಂಟಿನಲ್ಲಿ ಡಿಎಸ್‌ಎನ್‌ಟೈಪ್‌ಗೆ ಲಾರ್ಜ್ ಅಂತ ಕೊಟ್ಟರೆ ಸಾಕು, ಒಂದು ವಾಲ್ಯೂಮಿನಲ್ಲಿ 1,67,77,215 ಟ್ರ್ಯಾಕಿನವರೆಗೆ ಬೆಳೆಯಬಹುದು. ಜೆಸಿಎಲ್‌ನಲ್ಲಿ ನಾವು ಮಾಡಿದ ಮೂರು ತಿದ್ದುಪಡಿಗಳಲ್ಲಿ ಇದೊಂದು. ಬ್ಲಾಕ್‌ಸೈಜ್ ಇನ್ನೊಂದು. ಮೂರನೆಯದು ಎಕ್ಸ್‌ಟೆಂಟುಗಳ ವಿಷಯ.

ಡಿಸ್ಕಿನಲ್ಲಿ ಡೇಟಾಸೆಟ್ ಒಂದೇ ತುಂಡಾಗಿ ಇರಬೇಕೆಂದಿಲ್ಲ. ತುಂಡು ತುಂಡಾಗಿ ಇರಬಹುದು. ಒಂದೊಂದು ತುಂಡಿಗೆ ಎಕ್ಸ್‌ಟೆಂಟ್ ಅನ್ನುತ್ತಾರೆ. ಸಾಮಾನ್ಯ ಡೇಟಾಸೆಟ್ಟಿಗೂ ಲಾರ್ಜ್ ಡೇಟಾಸೆಟ್ಟಿಗೂ ಒಂದು ವಾಲ್ಯೂಮಿನಲ್ಲಿ 16 ತುಂಡು ಮಾತ್ರ ಸಿಗುತ್ತವೆ. ಮೊದಲು ಪ್ರೈಮರಿ, ಅದು ತುಂಬಿದ ಮೇಲೆ ಒಂದೊಂದು ಸಲ ಒಂದೊಂದು ಸೆಕೆಂಡರಿ. ಪ್ರೈಮರಿ 500, ಸೆಕೆಂಡರಿ 200 ಅಂತ ಕೊಟ್ಟರೆ ಎಲ್ಲಾ ಚೆನ್ನಾಗಿ ನಡೆದರೂ ಒಂದು ವಾಲ್ಯೂಮಿನಲ್ಲಿ 500 ಮತ್ತು 15 ಸಲ 200, ಒಟ್ಟು 3,500 ಸಿಲಿಂಡರ್. ಆದರೆ ಎಲ್ಲಾ ಚೆನ್ನಾಗಿ ನಡೆಯುವುದು ಅಪರೂಪ. ಡಿಸ್ಕಿನಲ್ಲಿ ದೊಡ್ಡ ಖಾಲಿ ಜಾಗ ಸಿಗದಿದ್ದರೆ ಸಿಸ್ಟಮ್ ಒಂದು ಪ್ರೈಮರಿಯನ್ನೋ ಸೆಕೆಂಡರಿಯನ್ನೋ ಐದು ತುಂಡಿನವರೆಗೆ ಒಡೆದು ಕೊಡುತ್ತದೆ. ಹಾಗಾದಾಗ ಹದಿನಾರು ತುಂಡು ಬೇಗ ಮುಗಿದುಹೋಗುತ್ತವೆ.

ಹಾಗಾದರೆ ಪ್ರೈಮರಿಯನ್ನೇ 15,758 ಅಂತ ಕೊಟ್ಟರೆ? ಪ್ರೈಮರಿ ಅಷ್ಟೂ ಒಂದೇ ವಾಲ್ಯೂಮಿನಲ್ಲಿ ಸಿಗಬೇಕು. ಅಷ್ಟು ಖಾಲಿ ಇರುವ ವಾಲ್ಯೂಮ್ ಇಲ್ಲದಿದ್ದರೆ ಐಜಿಡಿ17272ಐ ಮೆಸೇಜ್ ಬಂದು ಜಾಬ್ ಶುರುವಾಗುವ ಮೊದಲೇ ನಿಲ್ಲುತ್ತದೆ. ನನ್ನ ಅಭಿಪ್ರಾಯದಲ್ಲಿ ಮಧ್ಯದ ದಾರಿಯೇ ಒಳ್ಳೆಯದು. ಪ್ರೈಮರಿ ಒಂದೆರಡು ಸಾವಿರ ಸಿಲಿಂಡರ್, ಸೆಕೆಂಡರಿ ಸಾವಿರದ ಆಸುಪಾಸು, ಜೊತೆಗೆ ನಾಲ್ಕೈದು ವಾಲ್ಯೂಮಿಗೆ ಹರಡಲು ಅನುಮತಿ. ಯೂನಿಟ್ ಪ್ಯಾರಾಮೀಟರಿನಲ್ಲಿ ಎಣಿಕೆ ಕೊಡುವುದರಿಂದ ಈ ಅನುಮತಿ ಸಿಗುತ್ತದೆ. ಗರಿಷ್ಠ 59 ವಾಲ್ಯೂಮ್. ಒಂದರಲ್ಲಿ ತುಂಡು ಮುಗಿದರೆ ಇನ್ನೊಂದರಲ್ಲಿ ಮುಂದುವರಿಯುತ್ತದೆ, ಅಲ್ಲಿ ಹೊಸದಾಗಿ ಹದಿನಾರು ತುಂಡು. ಸ್ಪೇಸ್ ಪ್ಯಾರಾಮೀಟರಿನ ಕೊನೆಗೆ ಆರ್‌ಎಲ್‌ಎಸ್‌ಇ ಅಂತ ಬರೆಯಲು ಮರೆಯಬೇಡಿ. ಬರೆದು ಫೈಲು ಮುಚ್ಚಿದಾಗ ಬಳಸದೆ ಉಳಿದ ಜಾಗ ಎಲ್ಲರಿಗೂ ವಾಪಸ್ ಸಿಗುತ್ತದೆ. ಅದಿದ್ದರೆ ಧಾರಾಳವಾಗಿ ಕೇಳುವುದಕ್ಕೆ ಸಂಕೋಚ ಬೇಡ.

ಜಾಗದ ಅಬೆಂಡುಗಳು ಮೂರು ಇವೆ, ಒಂದೊಂದೂ ಬೇರೆ ಸುಳಿವು ಕೊಡುತ್ತದೆ. ಡಿ37 ಬಂದರೆ ಪ್ರೈಮರಿ ತುಂಬಿತು, ಸೆಕೆಂಡರಿ ಕೊಟ್ಟೇ ಇಲ್ಲ ಅಂತ. ಬಿ37 ಬಂದರೆ ವಾಲ್ಯೂಮಿನಲ್ಲಿ ಜಾಗ ಸಿಗಲಿಲ್ಲ, ಇಲ್ಲವೇ ತುಂಡುಗಳು ಮುಗಿದವು, ಮುಂದೆ ಹೋಗಲು ಬೇರೆ ವಾಲ್ಯೂಮೂ ಇಲ್ಲ. ಇ37 ಬಂದರೆ ಕೊಟ್ಟ ವಾಲ್ಯೂಮುಗಳೆಲ್ಲಾ ಮುಗಿದವು, ಇನ್ನೂ ಬೇಕು. ಸುಮ್ನೆ ಅಂಕೆ ಹೆಚ್ಚಿಸಿ ಮತ್ತೆ ಹಾಕುವ ಮೊದಲು ಇದರಲ್ಲಿ ಯಾವುದು ಅಂತ ನೋಡಿದರೆ ಒಂದು ರಾತ್ರಿ ಉಳಿಯುತ್ತದೆ.

ತುಂಬಾ ದೊಡ್ಡ ಫೈಲುಗಳಿಗೆ ಎಕ್ಸ್‌ಟೆಂಡೆಡ್ ಫಾರ್ಮ್ಯಾಟ್ ಅಂತ ಇನ್ನೊಂದಿದೆ. ಅದರಲ್ಲಿ ವಾಲ್ಯೂಮಿಗೆ 123 ತುಂಡು ಸಿಗುತ್ತವೆ. ಡಿಸ್ಕಿನ ಮೇಲೂ ಕಂಪ್ರೆಸ್ ಮಾಡಿ ಇಡಬಹುದು. ಟೇಪಿನಲ್ಲಿ ಮೂರರಲ್ಲಿ ಒಂದು ಭಾಗಕ್ಕೆ ಕುಗ್ಗಿದ್ದ ಡೇಟಾ ಇಲ್ಲಿಯೂ ಚೆನ್ನಾಗಿ ಕುಗ್ಗುವ ಸಾಧ್ಯತೆ ಇದೆ. ಡೇಟಾಸೆಟ್ ಎಸ್‌ಎಂಎಸ್ (ಡಿಸ್ಕಿನ ಜಾಗವನ್ನು ಸಿಸ್ಟಮೇ ನೋಡಿಕೊಳ್ಳುವ ವ್ಯವಸ್ಥೆ) ನಿರ್ವಹಣೆಯಲ್ಲಿ ಇರಬೇಕು ಅನ್ನೋದು ಷರತ್ತು. ನಿಮ್ಮ ಸ್ಟೋರೇಜ್ ತಂಡದವರನ್ನು ಕೇಳಿದರೆ ಯಾವ ಡೇಟಾ ಕ್ಲಾಸ್ (ಅಳತೆಗಳ ಸಿದ್ಧ ಪಟ್ಟಿ) ಕೊಡಬೇಕು ಅಂತ ಹೇಳುತ್ತಾರೆ. ಹತ್ತು ಜಿಬಿ ಮೀರಿದ ಯಾವ ಕಾಪಿಗೂ ಮೊದಲು ಅವರಿಗೊಂದು ಮಾತು ಹೇಳುವುದು ಒಳ್ಳೆಯದು. ಡಿಸ್ಕುಗಳ ಪೂಲ್ ಅವರದು, ಅದರಲ್ಲಿ ಬೇರೆಯವರ ರಾತ್ರಿಯ ಬ್ಯಾಚ್ ಜಾಬುಗಳೂ ಜಾಗ ಕೇಳುತ್ತಿರುತ್ತವೆ.

ಡಿಸ್ಕಿಗೆ ಹೋಗದ ಬ್ಲಾಕುಗಳು

ಜೆಡ್/ಓಎಸ್‌ಗೆ ಮೊದಲಿದ್ದ ಓಎಸ್/390ರ 2.10 ಆವೃತ್ತಿಯಿಂದ ಟೇಪಿಗೆ 32,760ಕ್ಕಿಂತ ದೊಡ್ಡ ಬ್ಲಾಕ್ ಬರೆಯಬಹುದು, 2,62,144 ಬೈಟಿನವರೆಗೆ. ಡಿಸ್ಕಿನಲ್ಲಿ ಮಿತಿ 32,760ಕ್ಕೇ ನಿಂತಿದೆ. ಹಾಗಾಗಿ ಅಂಥ ಟೇಪನ್ನು ಓದಿದ ಪ್ರೋಗ್ರಾಮು ರೆಕಾರ್ಡುಗಳನ್ನು ಬಿಡಿಸಿ ಚಿಕ್ಕ ಬ್ಲಾಕುಗಳಲ್ಲಿ ಮತ್ತೆ ಕಟ್ಟಲೇಬೇಕು. ರೆಕಾರ್ಡಿನ ಗಡಿ ಗೊತ್ತಿದ್ದರೆ ಇದು ಕಷ್ಟವಲ್ಲ, ಪ್ರೋಗ್ರಾಮೇ ಮಾಡಿಕೊಳ್ಳುತ್ತದೆ.

ಕಷ್ಟ ಬರುವುದು ರೆಕಾರ್ಡ್ ಫಾರ್ಮ್ಯಾಟ್ ಯು ಇದ್ದಾಗ. ಯು ಅಂದರೆ ಒಳಗಿನ ಗಡಿ ಸಿಸ್ಟಮಿಗೆ ಗೊತ್ತಿಲ್ಲ, ಇಡೀ ಬ್ಲಾಕೇ ಒಂದು ರೆಕಾರ್ಡ್. ಡಿಎಫ್‌ಎಸ್‌ಎಂಎಸ್‌ಡಿಎಸ್‌ಎಸ್ ಅನ್ನೋ ಪ್ರೋಗ್ರಾಮ್ ತೆಗೆದ ಡಂಪ್ (ಬ್ಯಾಕಪ್) ಟೇಪುಗಳು ಹೀಗಿರುತ್ತವೆ. ಅವುಗಳಲ್ಲಿ 65,520 ಬೈಟಿನ ಬ್ಲಾಕ್ ಸಾಮಾನ್ಯ. 56,664 ಬೈಟಿನ ಟ್ರ್ಯಾಕಿನಲ್ಲಿ 65,520 ಬೈಟಿನ ಬ್ಲಾಕ್ ಎಲ್ಲಿ ಕೂರಬೇಕು? ಒಡೆಯುವ ಹಾಗೂ ಇಲ್ಲ, ಒಡೆದರೆ ಮುಂದೆ ರಿಸ್ಟೋರ್ ಮಾಡುವಾಗ ಅರ್ಥವಾಗುವುದಿಲ್ಲ. ಡಂಪನ್ನು ಕಾಪಿ ಮಾಡಲು ಅದರದ್ದೇ ಕಾಪಿಡಂಪ್ ಕಮಾಂಡ್ ಇದೆ, ಆದರೆ ಅದೂ ಬ್ಲಾಕ್ ಅಳತೆ ಬದಲಿಸುವುದಿಲ್ಲ. ಇಂಥ ಟೇಪಿನ ಒಳಗಿರುವುದು ಡಿಸ್ಕಿನಲ್ಲಿ ಬೇಕಿದ್ದರೆ ರಿಸ್ಟೋರ್ ಮಾಡುವುದೇ ದಾರಿ. ಕಾಪಿ ಮಾಡಲು ಹೊರಡುವ ಮೊದಲು ಇದು ಡೇಟಾ ಟೇಪೋ ಡಂಪ್ ಟೇಪೋ ಅಂತ ಒಂದು ಸಲ ಖಚಿತ ಮಾಡಿಕೊಳ್ಳಿ.

ಯಾವ ಪ್ರೋಗ್ರಾಮ್?

ಇದರಲ್ಲಿ ಹೇಳುವುದು ಕಡಿಮೆ. ಐಇಬಿಜೆನರ್ ಎಲ್ಲಾ ಕಡೆ ಇದೆ. ರೆಕಾರ್ಡುಗಳನ್ನು ವಿಂಗಡಿಸುವ ಡಿಎಫ್‌ಸಾರ್ಟ್ ಪ್ರೋಗ್ರಾಮ್ ಇದ್ದರೆ ಐಸ್‌ಜೆನರ್ ಇರುತ್ತದೆ. ಜೆಸಿಎಲ್ ಅದೇ, ಒಳಗೆ ಸಾರ್ಟಿನ ವೇಗದ ಕಾಪಿ. ದೊಡ್ಡ ಫೈಲಿಗೆ ನಾನು ಅದನ್ನೇ ಬಳಸುತ್ತೇನೆ. ವಿಸ್ಯಾಮ್ ಅನ್ನೋ ಇನ್ನೊಂದು ಬಗೆಯ ಫೈಲಿಗೆ ಹಾಕಬೇಕಾದರೆ ಐಡಿಕ್ಯಾಮ್ಸ್‌ನ ರೆಪ್ರೋ.

ಆದರೆ ಸಾರ್ಟನ್ನೇ ನೇರವಾಗಿ ಕರೆದು ಕಾಪಿ ಮಾಡಿಸುವುದರಲ್ಲಿ ಒಂದು ದೊಡ್ಡ ಲಾಭ ಇದೆ. ಇನ್‌ಕ್ಲೂಡ್ ಷರತ್ತು ಕೊಟ್ಟು ಬೇಕಾದ ರೆಕಾರ್ಡುಗಳನ್ನು ಮಾತ್ರ ತರಬಹುದು. ಎಷ್ಟೋ ಸಲ ಏಳೆಂಟು ವರ್ಷದ ಡೇಟಾ ಇರುವ ಟೇಪಿನಿಂದ ಕೇಳಿದವರಿಗೆ ಬೇಕಾಗಿರುವುದು ಒಂದು ವರ್ಷದ್ದು. ಟೇಪು ಹೇಗೂ ಪೂರ್ತಿ ಓದಬೇಕು, ಅಲ್ವಾ? ಆದರೆ ಡಿಸ್ಕಿಗೆ ಬರೆಯುವುದು ಎಂಟನೇ ಒಂದು ಭಾಗ ಆದರೆ ಮೇಲಿನ ಗೋಡೆಗಳಲ್ಲಿ ಅರ್ಧ ಎದುರಾಗುವುದೇ ಇಲ್ಲ. ಕೆಲಸ ಕೊಟ್ಟವರನ್ನು "ಪೂರ್ತಿ ಬೇಕಾ, ಯಾವ ತಾರೀಖಿನದು ಬೇಕು?" ಅಂತ ಕೇಳಿಬಿಡಿ.

ಒಂದೇ ಟೇಪಿನಲ್ಲಿ ಹತ್ತಾರು ಫೈಲುಗಳು ಒಂದರ ಹಿಂದೆ ಒಂದು ಇರುವುದೂ ಉಂಟು. ಅವುಗಳನ್ನು ಹತ್ತು ಜಾಬ್ ಮಾಡಿ ಒಟ್ಟಿಗೆ ಹಾಕಿದರೆ ಬೇಗ ಆಗುತ್ತದೆ ಅನ್ನಿಸುತ್ತದೆ. ಆಗುವುದಿಲ್ಲ. ಟೇಪ್ ಒಂದೇ, ಒಬ್ಬರು ಬಿಡುವ ತನಕ ಇನ್ನೊಬ್ಬರು ಕಾಯಬೇಕು. ಪ್ರತಿ ಸಲ ಟೇಪು ಹೊರಗೆ ಬಂದು ಮತ್ತೆ ಒಳಗೆ ಹೋಗಿ ಮೊದಲಿನಿಂದ ಹುಡುಕಬೇಕು. ಅದರ ಬದಲು ಒಂದೇ ಜಾಬಿನಲ್ಲಿ, ಟೇಪಿನಲ್ಲಿರುವ ಸರದಿಯಲ್ಲೇ ಹತ್ತು ಸ್ಟೆಪ್ ಬರೆಯಿರಿ. ವಾಲ್ಯೂಮ್ ಪ್ಯಾರಾಮೀಟರಿನಲ್ಲಿ ರಿಟೇನ್ ಅಂತ ಕೊಡಿ. ಸ್ಟೆಪ್ಪುಗಳ ನಡುವೆ ಟೇಪು ಡ್ರೈವಿನಲ್ಲೇ ಉಳಿಯುತ್ತದೆ. ಫೈಲು ಹಲವು ಟೇಪುಗಳಿಗೆ ಹರಡಿದ್ದರೆ ಮಾತ್ರ ಎರಡು ಡ್ರೈವ್ ಕೇಳುವುದು ಲಾಭ. ಒಂದು ಓದುತ್ತಿರುವಾಗ ಮುಂದಿನದು ಇನ್ನೊಂದರಲ್ಲಿ ಸಿದ್ಧವಾಗಿರುತ್ತದೆ.

ಕಾಪಿ ಮುಗಿದ ಮೇಲೆ

ರಿಟರ್ನ್ ಕೋಡ್ ಸೊನ್ನೆ ಬಂದರೆ ಸಾಲದು. ಐಸ್‌ಜೆನರ್ ಬಳಸಿದ್ದರೆ ಐಸಿಇ054ಐ ಅನ್ನೋ ಸಾಲಿನಲ್ಲಿ ಎಷ್ಟು ರೆಕಾರ್ಡ್ ಒಳಗೆ ಬಂತು, ಎಷ್ಟು ಹೊರಗೆ ಹೋಯಿತು ಅಂತ ಇರುತ್ತದೆ. ಒಳಗೆ ಬಂದ ಎಣಿಕೆಯನ್ನು ಟೇಪಿನ ಬ್ಲಾಕ್ ಲೆಕ್ಕಕ್ಕೆ ಹೋಲಿಸಿ. ನಮ್ಮ ಉದಾಹರಣೆಯಲ್ಲಿ 2,60,00,000ದ ಹತ್ತಿರ ಇರಬೇಕು. ಕೊನೆಯ ಬ್ಲಾಕ್ ಅರೆ ತುಂಬಿದ್ದರೆ ಕೆಲವೇ ರೆಕಾರ್ಡ್ ಕಮ್ಮಿ ಇರಬಹುದು. ಒಂದು ಟೇಪಿನಷ್ಟು ಕಮ್ಮಿ ಕಂಡರೆ ವಾಲ್ಯೂಮ್ ಪಟ್ಟಿಯಲ್ಲಿ ಯಾವುದೋ ಒಂದು ಬಿಟ್ಟುಹೋಗಿದೆ ಅಂತ. ಕಾಪಿ ಮಾಡುವ ಪ್ರೋಗ್ರಾಮಿಗೆ ಅದು ತಪ್ಪಾಗಿ ಕಾಣದೆಯೂ ಹೋಗಬಹುದು. ಎಣಿಸಿ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ.

ಹೊಸ ಡೇಟಾಸೆಟ್ಟಿಗೆ ಟೇಪಿನ ಹೆಸರನ್ನೇ ಇಡಲು ಹೋದರೆ ಕ್ಯಾಟಲಾಗ್ ಒಪ್ಪುವುದಿಲ್ಲ, ಒಂದು ಹೆಸರು ಒಂದು ಕಡೆಗೆ ಮಾತ್ರ. ಬೇರೆ ಹೆಸರಿನಲ್ಲಿ ಕಾಪಿ ಮಾಡಿ, ಎಣಿಕೆ ನೋಡಿ, ಓದುವ ಪ್ರೋಗ್ರಾಮ್ ಒಂದು ಸಲ ಓಡಿಸಿ ನೋಡಿ. ಆಮೇಲೆ ಬೇಕಿದ್ದರೆ ಟೇಪಿನ ಹೆಸರನ್ನು ಅನ್‌ಕ್ಯಾಟಲಾಗ್ ಮಾಡಿ ಡಿಸ್ಕಿನದ್ದಕ್ಕೆ ಆ ಹೆಸರು ಇಡಿ. ಆದರೆ ಅನ್‌ಕ್ಯಾಟಲಾಗ್ ಮಾಡುವ ಮೊದಲು ಟೇಪಿನ ವಾಲ್ಯೂಮ್ ನಂಬರುಗಳನ್ನು ಸರದಿ ಸಹಿತ ಬರೆದಿಟ್ಟುಕೊಳ್ಳಿ. ಕ್ಯಾಟಲಾಗಿನಿಂದ ಹೋದ ಟೇಪನ್ನು ಬೇಡವಾದದ್ದು ಅಂತ ತಿಳಿದು ಸ್ಕ್ರ್ಯಾಚ್ ಮಾಡುವ (ಮತ್ತೆ ಬರೆಯಲು ಬಿಟ್ಟುಬಿಡುವ) ನಿಯಮ ಹಲವು ಕಡೆ ಇರುತ್ತದೆ. ಟೇಪ್ ತಂಡಕ್ಕೆ ಹೇಳಿ ಅದನ್ನು ಸ್ವಲ್ಪ ದಿನ ತಡೆಹಿಡಿಸುವುದು ಕ್ಷೇಮ.

ಇನ್ನು ಕೊನೆಯದು ಎಚ್‌ಎಸ್‌ಎಂ. ಡಿಸ್ಕಿನಲ್ಲಿ ಬಳಸದೆ ಬಿದ್ದಿರುವ ಡೇಟಾಸೆಟ್ಟುಗಳನ್ನು ಹುಡುಕಿ, ಕುಗ್ಗಿಸಿ, ಕೆಳಗಿನ ಹಂತಕ್ಕೆ ಕಳಿಸುವುದು ಅದರ ಕೆಲಸ. ಆ ಕೆಳಗಿನ ಹಂತ ಹಲವು ಕಡೆ ಟೇಪೇ ಆಗಿರುತ್ತದೆ. ದೊಡ್ಡ ಡೇಟಾಸೆಟ್ ಅಂದರೆ ಅದರ ಕಣ್ಣಿಗೆ ಬೇಗ ಬೀಳುತ್ತದೆ. ಮೂರನೇ ಸಲಕ್ಕೆ ನನ್ನ ಕಾಪಿ ಸರಿಯಾಗಿ ಮುಗಿದ ಕೆಲವು ದಿನಕ್ಕೆ ಐಎಸ್‌ಪಿಎಫ್‌ನಲ್ಲಿ ಅದರ ಹೆಸರು ಹುಡುಕಿದೆ. ವಾಲ್ಯೂಮ್ ಹೆಸರು ಇರಬೇಕಾದ ಕಡೆ ಮೈಗ್ರಾಟ್ ಅಂತ ಬರೆದಿತ್ತು. ಅಷ್ಟು ಲೆಕ್ಕ ಹಾಕಿ ಡಿಸ್ಕಿಗೆ ತಂದದ್ದು ಮತ್ತೆ ಟೇಪಿಗೆ ಹೋಗಿ ಕೂತಿತ್ತು. ಆವತ್ತು ಅದನ್ನು ರಿಕಾಲ್ ಮಾಡಿಸಿ ಡಿಸ್ಕಿಗೆ ವಾಪಸ್ ತರಿಸಿದೆ, ಸ್ಟೋರೇಜ್ ತಂಡದವರು ಮೈಗ್ರೇಟ್ ಆಗದ ಮ್ಯಾನೇಜ್‌ಮೆಂಟ್ ಕ್ಲಾಸಿಗೆ ಹಾಕಿಕೊಟ್ಟರು. ಈಗ ಜಾಗ ಕೇಳುವ ಮೇಲ್‌ನಲ್ಲೇ ನಾನು ಎರಡು ಸಾಲು ಸೇರಿಸುತ್ತೇನೆ: ಎಷ್ಟು ಸಿಲಿಂಡರ್ ಬೇಕು, ಯಾವ ತಾರೀಖಿನವರೆಗೆ ಡಿಸ್ಕಿನಲ್ಲೇ ಇರಬೇಕು.